ಪೈಪು, ಪದ್ಯ ಮತ್ತು ಅವನ ಬಲಗಿವಿ

ನಾನು ಸಣ್ಣಪುಟ್ಟದಕ್ಕೆಲ್ಲ ಹೆದರುವ ಮನುಷ್ಯ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಬಂದು ನೋಡಿದ್ದೇನೆ. ಬಿಪಿ ಪರೀಕ್ಷೆಗೆ ಹೋಗಿ, ಅಲ್ಲಿ ಕಾಯುತ್ತ ಕೂತೇ ಬಿಪಿ ಏರಿಸಿಕೊಂಡಿದ್ದೇನೆ. ಇಂಥವನು ನಿಜವಾಗಿ ಚಿಂತಿಸಬೇಕಾಗಿದ್ದ ಕಡೆ ಚಿಂತಿಸದೆ ಕೂತ ಕಥೆ ಇದು.

ಹೊಳಲ್ಕೆರೆಯಲ್ಲಿ ನನ್ನ ಗೆಳೆಯನದೊಂದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ನಾನು ಹೈಸ್ಕೂಲ್ ಮೇಷ್ಟ್ರು, ಪದ್ಯ ಬರೆಯುವ ಚಟದವನು. ಅವನಿಗೆ ಸದ್ದಿನ ಚಟ. ಬೋರ್‌ವೆಲ್ಲಿನ ಪ್ಲಾಸ್ಟಿಕ್ ಪೈಪುಗಳನ್ನು ಉದ್ದ ಗಿಡ್ಡ ಕತ್ತರಿಸಿ, ಮರದ ಚೌಕಟ್ಟಿಗೆ ಬಿಗಿದು, ಅವುಗಳ ಬಾಯಿಗೆ ಹವಾಯಿ ಚಪ್ಪಲಿಯಿಂದ ಬಾರಿಸುತ್ತಿದ್ದ. ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಎಣ್ಣೆ ಡಬ್ಬಕ್ಕೆ ಎಳೆದು ಕಟ್ಟಿ ಮೀಟುತ್ತಿದ್ದ. ನಾನು ಪದ್ಯ ಓದುವುದು, ಅವನು ಕೇಳುತ್ತಲೇ ಕೈಗೆ ಬಂದದ್ದನ್ನು ನುಡಿಸುವುದು. ಏಳೆಂಟು ವರ್ಷ ಇದನ್ನೇ ಮಾಡಿದೆವು. ಕರೆದವರು ಕಡಿಮೆ, ಕರೆದು ಪಶ್ಚಾತ್ತಾಪ ಪಟ್ಟವರು ಹೆಚ್ಚು. ತಾಳ್ಯ ಎಂಬ ಹಳ್ಳಿಯಲ್ಲಿ ಒಬ್ಬ ಅಜ್ಜ ಮುಗಿಯುವ ತನಕ ತಾಳ್ಮೆಯಿಂದ ಕೂತಿದ್ದು, "ಫಿಟಿಂಗ್ ಮುಗೀತಲ್ಲ, ಇನ್ನ ಹಾಡು ಶುರು ಮಾಡ್ರಪ್ಪ" ಅಂದಿದ್ದರು.

ನಮ್ಮದು ಮೂರು ಕಟ್ಟಳೆ. ಯಾವ ಪದ್ಯ ಓದುತ್ತೇನೆಂದು ನಾನು ಮೊದಲೇ ಹೇಳಬಾರದು. ವೇದಿಕೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ಮುಖ ನೋಡಿದರೆ ಕಿವಿ ಸೋಮಾರಿಯಾಗುತ್ತದೆ ಎಂದು ಅವನ ವಾದ. ಮುಗಿದ ಮೇಲೆ ಸರಿ ತಪ್ಪಿನ ಮಾತೆತ್ತಬಾರದು. ಈ ಮೂರನೆಯದು ನನ್ನದು. ನನ್ನ ತಪ್ಪು ಅವನೆಲ್ಲಿ ಹೇಳಿಬಿಡುತ್ತಾನೋ ಎಂಬ ಹೆದರಿಕೆಗೆ ಮಾಡಿದ್ದು.

ಅವನ ಎಡಗಿವಿ ಅಂಗಡಿಯ ಮಿಷಿನ್ನುಗಳ ಸದ್ದಿಗೆ ಎಂದೋ ಹೋಗಿತ್ತು. ನನ್ನ ಪದ್ಯಗಳನ್ನೆಲ್ಲ ಅವನು ಕೇಳಿದ್ದು ಬಲಗಿವಿಯೊಂದರಿಂದಲೇ.

ಹೋದ ವರ್ಷ ಹೊಸದುರ್ಗದ ಒಂದು ಸಭೆಯಲ್ಲಿ, ತೀರಿಹೋದ ನನ್ನ ತಂಗಿಯ ಮೇಲಿನ ಪದ್ಯ ಓದಿದೆ. ಮೆಲುದನಿಯ ಪದ್ಯ. ಅವನು ಪೈಪುಗಳನ್ನು ಧಬಧಬ ಬಾರಿಸಿದ. ನಾನು ಓದಿ ಮುಗಿಸಿದ ಮೇಲೂ ಬಾರಿಸುತ್ತಲೇ ಇದ್ದ. ಸಭೆ ಕೆಟ್ಟಿತು ಎಂದುಕೊಂಡೆ. ಆದರೆ ಸಭೆ ಮುಗಿದ ಮೇಲೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಬಂದು ನನ್ನ ಕೈ ಹಿಡಿದರು. "ಅಳೋ ಪದ್ಯಕ್ಕೆ ಅಳೋ ಸಂಗೀತ ಎಲ್ರೂ ಮಾಡ್ತಾರ್ರಿ. ನಿಮ್ಮ ಗೆಳೆಯರು ದುಃಖಕ್ಕೆ ಕಿವೀನೇ ಕೊಡ್ಲಿಲ್ಲ ನೋಡ್ರಿ, ಅದು ಧೈರ್ಯ."

ಹಿರಿಯೂರಿನಲ್ಲೂ ಹಾಗೇ ಆಯಿತು. ನಾನು ಒಂದು ದಾರಿ, ಅವನು ಒಂದು ದಾರಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕಿಟಕಿಯಾಚೆ ನೋಡಿದೆ. ಕಟ್ಟಳೆ ಇತ್ತಲ್ಲ. ಏನೋ ಕೆಟ್ಟಿದೆ ಎಂದು ಅನ್ನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಜನ್ಮದಲ್ಲಿ ಮೊದಲ ಸಲ ಅಂಥ ಚಪ್ಪಾಳೆ ಬಿದ್ದಿತ್ತು.

ಒಂದು ಬೆಳಿಗ್ಗೆ ಅವನ ಹೆಂಡತಿ ಫೋನ್ ಮಾಡಿದರು. "ಅಣ್ಣಾ, ಇವ್ರಿಗೆ ಕುಕ್ಕರ್ ಕೂಗಿದ್ದೂ ಕೇಳ್ತಿಲ್ಲ. ಕಿವಿಗೆ ಎಣ್ಣೆ ಬಿಟ್ಕಂಡು ಕುಂತವ್ರೆ. ನೀವಾದ್ರೂ ಕರ್ಕಂಡು ಹೋಗ್ರಿ."

ಚಿತ್ರದುರ್ಗದಲ್ಲಿ ಕಿವಿ ಡಾಕ್ಟರು, "ಯಾವಾಗಿಂದ ಹೀಗಾಗಿದೆ?" ಎಂದು ಕೇಳಿದರು. ಅವನಿಗೆ ಕೇಳಿಸಲಿಲ್ಲ. ನಾನೇ ಹೇಳಿದೆ: "ಎರಡು ತಿಂಗಳಾಯ್ತು." ಹೊಸದುರ್ಗದಿಂದ ಎಣಿಸಿದ್ದೆ. ಎಣಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಹೀಗೆ ಇದ್ದಕ್ಕಿದ್ದಂತೆ ಕಿವಿ ಹೋದ್ರೆ ಮೊದಲ ವಾರದಲ್ಲೇ ಬರಬೇಕಿತ್ತು. ಮಾತ್ರೆ ಬರೀತೀನಿ, ಆದ್ರೆ ಆಸೆ ಇಟ್ಕೋಬೇಡಿ. ಜೊತೆಗಿರೋರಿಗೆ ಗೊತ್ತಾಗ್ಲಿಲ್ವಾ?"

ಹೊರಗೆ ಬೆಂಚಿನ ಮೇಲೆ ಕೂತೆವು. ತನ್ನ ದನಿ ತನಗೇ ಕೇಳದ್ದರಿಂದ ಅವನು ಜೋರಾಗಿ ಮಾತಾಡುತ್ತಿದ್ದ.

"ಲೇ, ಹೊಸದುರ್ಗದಾಗೆ ಯಾವ ಪದ್ಯ ಓದಿದ್ದೆ?"

ಕಾಯುತ್ತ ಕೂತಿದ್ದವರೆಲ್ಲ ತಿರುಗಿದರು. ಕೈಯಲ್ಲಿದ್ದ ಡಾಕ್ಟರ ಚೀಟಿಯ ಹಿಂಬದಿಗೆ ಬರೆದು ತೋರಿಸಿದೆ: ತಂಗಿಯದು.

"ಥೂ. ಅದಕ್ಕಾ ನಾನು ಹಂಗೆ ಬಡಿದಿದ್ದು?" ಚೀಟಿಯನ್ನು ನನ್ನ ಕಡೆಗೇ ನೂಕಿದ. "ನಂಗೆ ಹೇಳಾಕೆ ಹೆದರಿಕೆ ಕಣೋ. ನೀನು ಎಲ್ಲದಕ್ಕೂ ನೂರು ಸಲ ಕೇಳೋನು. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ ಕಾದೆ. ನಿಂಗೆ ಗೊತ್ತಾಗ್ಲಿಲ್ವಾ?"

ಬಾಯಲ್ಲಾದರೆ ಗೊಣಗಿ ತಪ್ಪಿಸಿಕೊಳ್ಳಬಹುದಿತ್ತು. ಬರೆದೆ: ಗೊತ್ತಾಗಿತ್ತು. ಚಪ್ಪಾಳೆ ಬಿತ್ತು, ಸುಮ್ಮನಿದ್ದೆ.

ಅವನು ಅದನ್ನು ಓದಿದ. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು, "ಮಾತ್ರೆ ತಗಳಾಣ ಬಾ" ಎಂದು ಎದ್ದ.

ಔಷಧಿ ಅಂಗಡಿಯವನು ಚೀಟಿಯ ಮುಂಭಾಗ ಓದಿ ಮಾತ್ರೆ ತೆಗೆದಿಟ್ಟ. ಆಮೇಲೆ ತಿರುಗಿಸಿದ.

"ಹಿಂದ್ಗಡೆನೂ ಏನೋ ಬರೆದೈತಲ್ಲ ಸಾರ್, ಅದೂ ಇವ್ರಿಗೇನಾ?"

"ಅಲ್ಲ," ಅಂದೆ, "ಅದು ನಂದು."