ಆಗದ ಮದ್ದಿನ ಚೌಕ

ಕುಂದಾಪುರದಲ್ಲಿ ಪ್ರೋಗ್ರಾಮ್ ಬರೆಯಲು ಕಲಿತ ಮೇಲೆ ನನಗೆ ಸಿಕ್ಕಿದ ಮೊದಲ ಕೆಲಸ ಬೈಂದೂರಿನ ಒಬ್ಬ ಡಾಕ್ಟರರದು. ಅವರ ರೋಗಿಗಳ ಚೀಟಿಗಳಿಗೆ ಗೆದ್ದಲು ಹಿಡಿದಿತ್ತು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕಿತ್ತು. ನನಗಾಗ ಇಪ್ಪತ್ತೆರಡು. ನನ್ನಿಂದ ಆಗದು ಎಂದು ಒಮ್ಮೆಯೂ ಅನಿಸಲಿಲ್ಲ.

ಪರದೆಯ ಕಿಟಕಿಯನ್ನು ಚಂದ ಮಾಡಲು ಒಂದು ವಾರ ಕೂತೆ. ಹೆಸರು, ವಯಸ್ಸು, ವಿಳಾಸ, ಕಾಯಿಲೆ ಎಂದು ಒಂದೇ ಅಳತೆಯ ಚೌಕಗಳು, ನೇರ ಸಾಲಿನಲ್ಲಿ. ಮೈಗೆ ಆಗದ ಮದ್ದು ಯಾವುದು ಎಂಬ ಚೌಕ ಎಲ್ಲಕ್ಕಿಂತ ಕೆಳಗೆ. ಕ್ಲಿನಿಕ್ಕಿನ ಸಣ್ಣ ಪರದೆಯಲ್ಲಿ ಅದನ್ನು ನೋಡಲು ಕೆಳಕ್ಕೆ ಸರಿಸಬೇಕಿತ್ತು. ಇರಲಿ ಎಂದುಕೊಂಡೆ.

ಹಳೆಯ ಚೀಟಿಗಳನ್ನೆಲ್ಲ ತುಂಬಿ ಕ್ಲಿನಿಕ್ಕಿನಲ್ಲಿ ಬಳಸತೊಡಗಿದ ಮೂರನೆಯ ದಿನ ಕಾಲಿನ ಗಾಯ ಕೀವಾಗಿದ್ದ ಒಬ್ಬ ಮೀನು ಮಾರುವ ಹೆಂಗಸು ಬಂದರು.

"ಇವ್ರದ್ ಹಿಂದಿಂದ್ ಎಂತ ಇತ್ತ್, ಹೇಳ್ ಕಾಂಬ," ಎಂದರು ಡಾಕ್ಟರು.

ನಾನು ಜಂಬದಿಂದ ಕಂಡದ್ದನ್ನೆಲ್ಲ ಓದಿ, "ಬೇರೆಂತ ಇಲ್ಲೆ," ಎಂದೆ. ಅವರು ಇಂಜೆಕ್ಷನ್ ಬರೆದರು.

ಚೀಟಿ ತೆಗೆದುಕೊಂಡ ನರ್ಸಕ್ಕ ಆ ಹೆಂಗಸಿನ ಮುಖ ನೋಡಿ ನಿಂತರು. ಅಕ್ಕ ಮರವಂತೆಯವರು, ಇಪ್ಪತ್ತು ವರ್ಷದಿಂದ ಆ ಕ್ಲಿನಿಕ್ಕಿನಲ್ಲೇ ಇದ್ದವರು. "ಡಾಕ್ಟ್ರೇ, ಇವ್ರಿಗೆ ಈ ಸೂಜಿ ಆತಿಲ್ಲೆ. ಹ್ವಾದ್ ಸಲ ಮೈಯೆಲ್ಲ ಊದಿ ಉಸ್ರ್ ಕಟ್ಟಿತ್ತ್."

ಪರದೆಯನ್ನು ಕೆಳಕ್ಕೆ ಸರಿಸಿದೆ. ಆ ಮದ್ದಿನ ಹೆಸರು ಅಲ್ಲಿತ್ತು, ನಾನೇ ತುಂಬಿದ್ದು. ಪರದೆಯನ್ನು ಡಾಕ್ಟರರತ್ತ ತಿರುಗಿಸಿದೆ.

ಡಾಕ್ಟರು ಮದ್ದು ಬದಲಿಸಿದರು. ಹೆಂಗಸು ಹೋದ ಮೇಲೆ ಅಕ್ಕ ನನ್ನ ಹತ್ತಿರ ಬಂದರು. "ನೀನ್ ಬರದ್ದ್ ಸಮ ಇತ್ತ್ ಮಗಾ. ಆರೆ ಅಷ್ಟ್ ಕೆಳ್ಗೆ ಯಾರ್ ಕಾಂತ್ರ್? ನಾನ್ ಹೆಸ್ರ್ ಕೇಂಡ್ ಕೂಡ್ಲೆ ಕೇಂಬುದೇ ಅದ್."

ಮಧ್ಯಾಹ್ನ ಅವರ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು, ಬಂದವರನ್ನು ಅವರು ಏನು ಕೇಳುತ್ತಾರೆ, ಯಾವುದರ ನಂತರ ಯಾವುದು ಎಂದು ಬರೆದುಕೊಂಡೆ. ಹೆಸರು, ಆಗದ ಮದ್ದು, ಯಾರ ಮನೆ, ವಯಸ್ಸು ಕೊನೆಗೆ. ಚೌಕಗಳನ್ನು ಅದೇ ಕ್ರಮದಲ್ಲಿಟ್ಟೆ. ಮದ್ದಿನದಕ್ಕೆ ಕೆಂಪು ಅಕ್ಷರ. ಏನೂ ಇಲ್ಲದಿದ್ದರೆ 'ಇಲ್ಲ' ಎಂದು ಬರೆಯದೆ ಮುಂದೆ ಹೋಗುವಂತಿರಲಿಲ್ಲ. ಉಳಿಸುವ ಗುಂಡಿಗೆ ತಾಗಿಕೊಂಡಿದ್ದ ಅಳಿಸುವ ಗುಂಡಿಯನ್ನು ದೂರದ ಮೂಲೆಗೆ ಕಳಿಸಿದೆ. ಸಾಲು ಮೊದಲಿನಷ್ಟು ನೇರವಿರಲಿಲ್ಲ, ಆದರೆ ಈಗ ಅದು ಸರಿಯಾಗಿದೆ ಎಂದು ಗೊತ್ತಿತ್ತು.

ಮರುವರ್ಷ ಅಕ್ಕ ಮಗಳ ಬಾಣಂತನಕ್ಕೆ ರಜೆ ಹಾಕಿದರು. ಬದಲಿಗೆ ಬಂದವರಿಗೆ ಊರಿನ ಒಬ್ಬರ ಪರಿಚಯವೂ ಇರಲಿಲ್ಲ. ಪ್ರಿಂಟರ್ ಸರಿಮಾಡಲು ಹೋಗಿದ್ದ ನಾನು ಕಣ್ಣಾರೆ ಕಂಡೆ: ದೂರದ ಕೊಕ್ಕರ್ಣೆಯಿಂದ ಬಂದ ಕೃಷಿಕರೊಬ್ಬರ ಹೆಸರು ಒತ್ತಿದ ಕೂಡಲೇ ಆ ಹೊಸ ನರ್ಸು ಕೆಂಪಕ್ಷರ ಓದಿ, ಎದ್ದು ಡಾಕ್ಟರರಿಗೆ ಹೇಳಿದರು.

ರಜೆ ಮುಗಿಸಿ ಬಂದ ಅಕ್ಕನಿಗೆ ಇದನ್ನು ವಿವರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. "ಆಯ್ತ್. ಇನ್ ಆ ಅಕ್ಷರ ಚೂರ್ ದೊಡ್ಡ ಮಾಡ್ ಕಾಂಬ."