ಹೆಡ್ಮಿಸ್ಟ್ರೆಸ್ಸರ ಟೇಪ್ ರೆಕಾರ್ಡರು

ಎಂಬತ್ತರ ದಶಕದಲ್ಲಿ ಬಾಗಲೂರಿನ ಕಡೆಯ ನಮ್ಮ ಕನ್ನಡ ಶಾಲೆಗೆ ಹೊರಗಿನಿಂದ ಒಬ್ಬಾಕೆ ಹೆಡ್ಮಿಸ್ಟ್ರೆಸ್ಸಾಗಿ ಬಂದರು. ಹನ್ನೆರಡು ವರ್ಷದಿಂದ ಅಲ್ಲೇ ಪಾಠ ಹೇಳುತ್ತಿದ್ದ ನಾನು ಆ ಕುರ್ಚಿ ನನ್ನದೇ ಎಂದುಕೊಂಡಿದ್ದೆ.

ಆಕೆ ಸ್ವಂತ ಟೇಪ್ ರೆಕಾರ್ಡರ್ ತಂದು, ತಿಂಗಳಿಗೊಮ್ಮೆ ಆಯಾ ಕ್ಲಾಸಿನ ಮೇಷ್ಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಮಗುವಿನ ಓದನ್ನೂ ಹಿಡಿದಿಡುತ್ತಿದ್ದರು. ಹಿಂದಿನ ತಿಂಗಳದ್ದನ್ನೂ ಹಾಕಿ, ತಲೆ ವಾರೆ ಮಾಡಿ ಕೇಳಿ, ಮಗು ಎಲ್ಲಿ ತಡವರಿಸಿತೆಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡುತ್ತಿದ್ದರು. "ಸುಮ್ಕೆ ಹೇಳ್ಬ್ಯಾಡಿ, ಕೇಳಿ ನೋಡಾಣ" ಎನ್ನುವುದು ಅವರ ಮಾತು. ಊರವರು ಅವರನ್ನು ಹೊಗಳಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು.

ನನ್ನ ಕ್ಲಾಸಿನ ಒಬ್ಬ ಹುಡುಗಿ ಮೂರು ತಿಂಗಳಾದರೂ ಸುಧಾರಿಸಿರಲಿಲ್ಲ. "ಅವ್ಳು ದಡ್ಡಿ ಬುಡಿ ಮೇಡಂ" ಎಂದೆ. ಅವರು ಮೂರೂ ತಿಂಗಳ ಓದನ್ನು ಹಾಕಿದರು. ಹುಡುಗಿ ತಡವರಿಸಿದ ಕೂಡಲೇ ಟೇಪಿನಲ್ಲಿ ನನ್ನದೇ ದನಿ ಗದರಿತು: "ಥೂ, ಅದೂ ಬರಾಕಿಲ್ವೇನೇ?" ಮೂರು ಸಲವೂ ಓದು ಅಲ್ಲಿಗೇ ನಿಂತಿತ್ತು.

ಆಕೆ ನನ್ನತ್ತ ನೋಡದೆ, "ಟೀ ಕುಡೀತೀರಾ ಸಾರ್?" ಎಂದರು.

ಮುಂದಿನ ತಿಂಗಳು ನಾನು ಬಾಯಿ ಬಿಗಿಹಿಡಿದು ಕೂತೆ. ಹುಡುಗಿ ನಿಧಾನವಾಗಿ ಪುಟದ ಕೊನೆಯವರೆಗೂ ಓದಿದಳು. ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಓದಿ ಮುಗಿಸಿ ಅವಳು ನೋಡಿ ನಕ್ಕಿದ್ದು ನನ್ನನ್ನಲ್ಲ, ಆಕೆಯನ್ನು.