ಬ್ರೇಕಕ್ಕ ಮತ್ತೆ ಬಿಚ್ಚಿದ ಸಿಲಿಂಡರ್

ಬೆಳಗಿನ ಐದೂವರೆ. ಏರುರಸ್ತೆಯ ತುದಿಯ ಮನೆಯ ಮುಂದೆ ಐವತ್ತು ವರ್ಷ ದಾಟಿದ ಕಾರೊಂದು ನಿಂತಿದೆ. ಅದರ ಬಾನೆಟ್ಟಿನೊಳಗೆ, ಊರೆಲ್ಲ ಬ್ರೇಕಕ್ಕ ಎಂದೇ ಕರೆಯುವ ಮೆಕ್ಯಾನಿಕ್ ಅರ್ಧ ಮೈ ತೂರಿಸಿದ್ದಾರೆ. ನಿನ್ನೆ ಸಂಜೆ ತಾವೇ ರಿಪೇರಿ ಮಾಡಿ ಕೂರಿಸಿದ ಮಾಸ್ಟರ್ ಸಿಲಿಂಡರನ್ನು ಈಗ ತಾವೇ ಬಿಚ್ಚುತ್ತಿದ್ದಾರೆ. ಯಾರೂ ದೂರು ಕೊಟ್ಟಿಲ್ಲ, ಬ್ರೇಕೂ ಚೆನ್ನಾಗಿಯೇ ಹಿಡಿಯುತ್ತಿದೆ.

ಕಾರಿನ ಮಾಲೀಕರು, ನಿವೃತ್ತ ಗಣಿತ ಮೇಷ್ಟ್ರು, ಕಣ್ಣುಜ್ಜಿಕೊಂಡು ಹೊರಗೆ ಬರುತ್ತಾರೆ. "ಏನಮ್ಮಾ ಇದು, ಬೆಳ್ಳಂಬೆಳಗ್ಗೆ?"

"ತಪ್ಪು ಮಾಡ್ಬಿಟ್ಟಿದೀನಿ ಸಾರ್. ಹೊಟ್ಟೆಗೆ ಹಾಕ್ಕೊಳ್ಳಿ. ಹನ್ನೊಂದಕ್ಕೆ ನಿಮ್ಮ ಮಗಳು ಮಗೂನ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕಲ್ಲ, ಅಷ್ಟರಲ್ಲಿ ಸರಿಮಾಡ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಪೈಕಿಯಲ್ಲ ಈಕೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಗಳಿಗೆ ಒತ್ತಿ ಕಳಿಸುವ ಗೇಣುದ್ದದ ಕೊಳವೆಯೇ ಮಾಸ್ಟರ್ ಸಿಲಿಂಡರ್. ಹಳೇ ಕಾರುಗಳಿಗೆ ಹೊಸದು ಸಿಗುವುದಿಲ್ಲ. ಇರುವುದನ್ನೇ ಬಿಚ್ಚಿ, ತುಕ್ಕು ತೆಗೆದು, ಒಳಗೋಡೆ ನುಣುಪು ಮಾಡಿ, ಹೊಸ ರಬ್ಬರ್ ಹಾಕಬೇಕು. ಬ್ರೇಕಕ್ಕ ಮೂವತ್ತನಾಲ್ಕು ವರ್ಷದಿಂದ ಮಾಡುತ್ತಿರುವುದು ಇದೊಂದೇ ಕೆಲಸ. ದಿನಕ್ಕೆ ಎರಡೇ ಸಿಲಿಂಡರ್, ಮೂರನೆಯದಕ್ಕೆ ದಮ್ಮಯ್ಯ ಅಂದರೂ ಕೈ ಹಾಕುವುದಿಲ್ಲ.

ಕಲಿಸಿದ್ದು ಮಾವ. ವಯಸ್ಸಾಗಿ ಅವರ ಕೈ ನಡುಗತೊಡಗಿದಾಗ ಪಕ್ಕದಲ್ಲಿ ನಿಂತು ಸ್ಪ್ರಿಂಗ್ ಹಿಡಿದುಕೊಳ್ಳುತ್ತಿದ್ದ ಸೊಸೆ, ಕೊನೆಗೆ ಸ್ಟೂಲಿನ ಮೇಲೆ ತಾನೇ ಕೂತಳು. "ಬಂದೋರೆಲ್ಲ 'ಮೆಕ್ಯಾನಿಕ್ ಇಲ್ವಾ?' ಅಂತ ನನ್ನನ್ನೇ ಕೇಳೋರು. 'ಇದಾರೆ, ಕೂತ್ಕೊಳ್ಳಿ' ಅಂತಿದ್ದೆ. ಕೆಲಸ ಮುಗಿಸಿ ಕೈಗೆ ಕೊಟ್ಟಮೇಲೆ ಪಾಪ, ಅವರ ಮುಖ ನೋಡ್ಬೇಕಿತ್ತು!" ಎಂದು ಈಗಲೂ ಬಿದ್ದು ಬಿದ್ದು ನಗುತ್ತಾರೆ.

ಮಾವ ಕಲಿಸಿದ ಮೊದಲ ಪಾಠ ಮೂಸುವುದು. ಜೋಡಿಸುವ ಮುಂಚೆ ರಬ್ಬರನ್ನು ಬ್ರೇಕ್ ಆಯಿಲಿನಲ್ಲೇ ಅದ್ದಬೇಕು. ಎಂಜಿನ್ ಆಯಿಲ್ ಒಂದಿಷ್ಟು ಸೇರಿದರೂ ರಬ್ಬರ್ ಊದಿಕೊಳ್ಳುತ್ತದೆ. ಆಗ ಪೆಡಲ್ ಬಿಟ್ಟರೂ ಬ್ರೇಕ್ ಬಿಡುವುದಿಲ್ಲ, ಚಕ್ರ ಕಾದು ಕೆಂಡವಾಗಿ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಆಯಿಲಿನ ಬಟ್ಟಲನ್ನು ದಿನವೂ ಮೂಸಿಯೇ ರಬ್ಬರ್ ಅದ್ದುವುದು. ಆದರೆ ನಿನ್ನೆ ನೆಗಡಿ, ಮೂಗು ಕಟ್ಟಿತ್ತು.

"ನಮ್ಮನೆಯವರು ಬಾಗಿಲು ಕಿರುಗುಟ್ಟುತ್ತೆ ಅಂತ ಆ ಬಟ್ಟಲಲ್ಲೇ ಎಂಜಿನ್ ಆಯಿಲ್ ಸುರ್ಕೊಂಡಿದಾರೆ. ಅವರಿಗೆ ಎಣ್ಣೆ ಅಂದ್ರೆ ಎಲ್ಲ ಒಂದೇ! ಆದ್ರೆ ನೋಡ್ಕೋಬೇಕಾದೋಳು ನಾನು. ಬೆಳಗ್ಗೆ ಮೂಗು ಬಿಟ್ಟಿತ್ತು, ವಾಸನೆ ಬಡೀತು. ಬಟ್ಟಲಿಂದ ಒಂದು ತೊಟ್ಟು ತೆಗೆದು ನೀರಿಗೆ ಹಾಕಿದೆ. ಬ್ರೇಕ್ ಆಯಿಲ್ ಆಗಿದ್ರೆ ಬೆರೀಬೇಕಿತ್ತು. ತೇಲ್ತು. ಸ್ಪ್ಯಾನರ್ ಎತ್ಕೊಂಡು ಇಲ್ಲಿಗೆ ಓಡಿಬಂದೆ."

ನಮ್ಮಂಥವರಾಗಿದ್ದರೆ ತೇಪೆ ಹಚ್ಚಲು ಏನಾದರೊಂದು ನೆಪ ಹುಡುಕುತ್ತಿದ್ದೆವು. ಈಕೆ ಹೊಸ ರಬ್ಬರಿನ ಪಕ್ಕ ನಿನ್ನೆಯದನ್ನಿಟ್ಟು ಮೇಷ್ಟ್ರಿಗೂ ಅವರ ಮಗಳಿಗೂ ತೋರಿಸುತ್ತಾರೆ. ಊದಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ.

ಮೇಷ್ಟ್ರ ಹೆಂಡತಿ ಮೆಲ್ಲಗೆ, "ಟ್ಯಾಕ್ಸಿ ಕರೆಸಿಬಿಡೋಣ ಕಣ್ರೀ" ಅನ್ನುತ್ತಾರೆ. ಬ್ರೇಕಕ್ಕನ ಮುಖ ಸಣ್ಣದಾಗುತ್ತದೆ. "ಕರೆಸಿ ಅಮ್ಮ, ತಪ್ಪೇನಿಲ್ಲ" ಎಂದಷ್ಟೇ ಹೇಳಿ ಮತ್ತೆ ಬಗ್ಗುತ್ತಾರೆ.

ಹಳೇ ಆಯಿಲ್ ಪೂರ್ತಿ ಚೆಲ್ಲಿ, ಪೈಪುಗಳನ್ನು ತೊಳೆದು, ಸಿಲಿಂಡರಿನ ರಬ್ಬರ್, ನಾಲ್ಕೂ ಚಕ್ರಗಳ ಬ್ರೇಕಿನೊಳಗಿನ ರಬ್ಬರ್, ಆಯಿಲ್ ಹರಿಯುವ ರಬ್ಬರ್ ಹೋಸು ಎಲ್ಲ ಬದಲಾಯಿಸುವ ಹೊತ್ತಿಗೆ ಹತ್ತು ದಾಟುತ್ತದೆ. ಆಮೇಲೆ ಒಬ್ಬರೇ ಕಾರು ಹತ್ತಿ ಇಳಿಜಾರನ್ನು ನಾಲ್ಕು ಸಲ ಇಳಿದು ಹತ್ತುತ್ತಾರೆ. ಪ್ರತಿ ಸಲವೂ ಕೆಳಗಿಳಿದು, ಜ್ವರ ನೋಡುವ ಹಾಗೆ ಒಂದೊಂದೇ ಚಕ್ರದ ಮೇಲೆ ಅಂಗೈ ಇಡುತ್ತಾರೆ. ಬಾಲ್ಕನಿಯಲ್ಲಿ ನಿಂತ ಮಗಳು ಎಲ್ಲವನ್ನೂ ನೋಡುತ್ತಿದ್ದಾಳೆ.

ಹನ್ನೊಂದಕ್ಕೆ ಆಕೆ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದು ಹಿಂದಿನ ಬಾಗಿಲು ತೆಗೆಯುತ್ತಾಳೆ. "ಟ್ಯಾಕ್ಸಿ ಬೇಡಮ್ಮ. ತಪ್ಪಾದ್ರೆ ಮನೆಗೇ ಬಂದು ಹೇಳೋ ಟ್ಯಾಕ್ಸಿಯವನು ಯಾರಿದಾನೆ? ಅಪ್ಪಾ, ನಡೀರಿ."

ಕಾರು ತಿರುವಿನಲ್ಲಿ ಮರೆಯಾದರೂ ಬ್ರೇಕಕ್ಕ ನಿಂತಲ್ಲಿಂದ ಕದಲುವುದಿಲ್ಲ. ಪೇಪರಿಗೆ ಬರೆಯಲು ಬಂದ ನಾವು, ಎಣ್ಣೆಯ ಬಟ್ಟಲಿನ ವಿಷಯವನ್ನು ಬಿಟ್ಟುಬಿಡೋಣವೇ ಎಂದು ಕೇಳಿದರೆ, "ಯಾಕೆ? ಬರೀರಿ. ಓದಿ ನಾಲ್ಕು ಜನ ಮೂಸಿ ನೋಡ್ಲಿ" ಅನ್ನುತ್ತಾರೆ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ. ಹೂಂ, ಹೂಂ ಎಂದು ಕೇಳಿ ಇಡುವಾಗ ಕಣ್ಣು ತುಂಬಿದೆ.

"ಮೇಷ್ಟ್ರು. ಇಳಿಜಾರು ಪೂರ್ತಿ ಇಳಿದ್ರಂತೆ, ಮಗು ನಿದ್ದೆಯಿಂದ ಏಳ್ಲೇ ಇಲ್ವಂತೆ."